ಒಂಬತ್ತನ್ನ ನಂಬಬ್ಯಾಡ

18947668177995426462773730. ಎಣಿಸಿ ನೋಡಿ, ಇಪ್ಪತ್ತಾರು ಅಂಕಿ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿ 28 ಸೆಕೆಂಡಿನಲ್ಲಿ ಕೊಟ್ಟ ಉತ್ತರ ಇದು. ಲೆಕ್ಕ: 7686369774870 ಗುಣಿಸು 2465099745779.

ಈ ಸಲ ಊರಿಗೆ ಹೋದಾಗ ಅಪ್ಪನಿಗೆ ಇದನ್ನ ಬರೆದು ತೋರಿಸಿದೆ. ಅಪ್ಪ ಮಂಡ್ಯದಲ್ಲಿ ಬೆಲ್ಲದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಕಣ್ಣು ಮಂಜಾದರೂ ಬೆರಳು ಮರೆತಿಲ್ಲ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೂಡತೊಡಗಿದರು. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಅದನ್ನ ಕೂಡಿದರೆ 15, ಮತ್ತೆ ಕೂಡಿದರೆ 6. ಎರಡನೆಯದು 74, 11, 2. ಆರೆರಡ್ಲಿ ಹನ್ನೆರಡು, ಅಂದ್ರೆ 3. ಉತ್ತರದ ಮೊತ್ತ 138, 12, ಅದೂ 3.

"ತಾಳೆ ಆಯ್ತು ಕಣವ್ವ. ಆದ್ರೆ ಒಂಬತ್ತನ್ನ ನಂಬಬ್ಯಾಡ" ಅಂದರು.

ಯಾಕೆ ಅಂತ ನನಗೆ ಗೊತ್ತು. ನಾನಾಗ ಮೂರನೇ ಕ್ಲಾಸು. 37 ಕ್ವಿಂಟಾಲ್ ಬೆಲ್ಲ, ಕ್ವಿಂಟಾಲಿಗೆ 124 ರೂಪಾಯಿ. 4588 ಅಂತ ಬರೆಯುವ ಕಡೆ ಅಪ್ಪ 5488 ಬರೆದುಬಿಟ್ಟರು. ಒಂಬತ್ತರ ತಾಳೆ ನೋಡಿಯೇ ದುಡ್ಡು ಕೊಡಿಸಿದ್ದು. 37ಕ್ಕೆ 1, 124ಕ್ಕೆ 7, ಗುಣಿಸಿದರೆ 7. 5488ರ ಮೊತ್ತ 25, ಅದೂ 7. ಅಂಕಿಗಳು ಜಾಗ ಬದಲಿಸಿಕೊಂಡರೆ ಮೊತ್ತಕ್ಕೇನೂ ಗೊತ್ತಾಗಲ್ಲವಲ್ಲ! ಹೆಚ್ಚಿಗೆ ಹೋದ 900 ರೂಪಾಯಿಯನ್ನು ತಿಂಗಳು ತಿಂಗಳು ಅಪ್ಪನ ಸಂಬಳದಲ್ಲಿ ಮುರಿದುಕೊಂಡರು. ಆ ಯುಗಾದಿಗೆ ನಮಗೆ ಹೊಸ ಬಟ್ಟೆ ಇರಲಿಲ್ಲ. ಅದು ಹಾಗಿರಲಿ, "ಬೇಕಂತ್ಲೇ ಬರೆದಿರ್ಬೌದು" ಅಂತ ಮಂಡಿಯಲ್ಲಿ ಯಾರೋ ಅಂದರಂತೆ. ಅಪ್ಪನ ಎದೆಯಲ್ಲಿ ಕೂತಿರೋದು ಆ ಮಾತು.

ಹನ್ನೊಂದರ ತಾಳೆ ನನಗೆ ಹೊಳೆದದ್ದು ಮಗಳಿಗೆ ಆರನೇ ಕ್ಲಾಸಿನ ಗಣಿತ ಹೇಳಿಕೊಡುವಾಗ. ಬಲಗಡೆಯಿಂದ ಶುರುಮಾಡಿ ಒಂದು ಅಂಕಿ ಕೂಡು, ಮುಂದಿನದು ಕಳೆ, ಅದರ ಮುಂದಿನದು ಕೂಡು. ಇಲ್ಲಿ ಅಂಕಿಗೆ ತನ್ನ ಜಾಗದ ಲೆಕ್ಕವೂ ಉಂಟು; ಪಕ್ಕಪಕ್ಕದ ಎರಡು ಬೇರೆ ಅಂಕಿ ಅದಲುಬದಲಾದರೆ ಸಿಕ್ಕಿಬೀಳಲೇಬೇಕು. ಶಕುಂತಲಾ ದೇವಿಯವರ ಎರಡನೇ ಸಂಖ್ಯೆಯನ್ನೇ ಹಿಡಿದೆ. ಕೂಡುವವು 37, ಕಳೆಯುವವು 37, ಉಳಿದದ್ದು ಸೊನ್ನೆ. ಅಂದರೆ ಅದು ಹನ್ನೊಂದರಿಂದ ಪೂರ್ತಿ ಭಾಗವಾಗುತ್ತೆ, ಉತ್ತರವೂ ಆಗಬೇಕು. ಇಪ್ಪತ್ತಾರು ಅಂಕಿಗಳನ್ನೂ ಮಾಡಿದೆ: ಕೂಡುವವು 69, ಕಳೆಯುವವು 69!

ನನಗೆ ಖುಷಿಯೋ ಖುಷಿ. ಅಪ್ಪ ಮಾತ್ರ ಆ ದೊಡ್ಡ ಸಂಖ್ಯೆ ಬಿಟ್ಟು ಮೂಲೆಯಲ್ಲಿ ಬೇರೇನೋ ಬರೆಯುತ್ತಿದ್ದರು. 37ಕ್ಕೆ 4, 124ಕ್ಕೆ 3, ಗುಣಿಸಿದರೆ 12, ಅದಕ್ಕೆ 1. 4588ಕ್ಕೂ 1. ಆಮೇಲೆ 5488. ಹನ್ನೆರಡರಲ್ಲಿ ಹದಿಮೂರು ಹೋಗಲ್ಲ. ಪೆನ್ನು ಅಲ್ಲೇ ನಿಂತಿತು.

"ಇದು ಆಗ್ಲೂ ಇತ್ತಾ?"

"ಇತ್ತಪ್ಪ. ಬಾಳ ಹಳೇದು."

ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಕ ಒರೆಸಿಕೊಂಡು, ಅಡುಗೆಮನೆ ಕಡೆ ಕೂಗಿದರು: "ಲೇ, ಆ ಹಾಲ್ನೋನ ಚೀಟಿ ಇತ್ತಲ್ಲ, ತಗಂಬಾ ವಸಿ."