ವೆಯ್ಟಿನ ಮೇಲೊಂದು ಸೌಟು

ಒಳಗಿನ ಒತ್ತಡ ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ತಾನೇ ತೆರೆದುಕೊಂಡು, ಒತ್ತಡ ಇಳಿದ ಮೇಲೆ ತಾನೇ ಮುಚ್ಚಿಕೊಳ್ಳುವ ಸಾಧನ ಸೇಫ್ಟಿ ವಾಲ್ವ್. ಅದಕ್ಕೆ ಕರೆಂಟು ಬೇಡ, ಕಾವಲುಗಾರನೂ ಬೇಡ. ಗ್ಯಾಸ್ ಟ್ಯಾಂಕಿನ ನೆತ್ತಿಯ ಮೇಲಿರುವ ವಾಲ್ವಿಗೂ ಕುಕ್ಕರಿನ ವೆಯ್ಟಿಗೂ ತತ್ವ ಒಂದೇ. ಮುಚ್ಚಳದ ನಳಿಕೆಯ ತೂತು 3 ಮಿ.ಮೀ. ಅಗಲವಿದ್ದರೆ ಅದರ ಮೇಲೆ ಸುಮಾರು 70 ಗ್ರಾಂ ತೂಕ ಕೂತರೆ ಸಾಕು. ಒಳಗಿನ ಹಬೆ ಚದರ ಸೆಂಟಿಮೀಟರಿಗೆ 1 ಕೆ.ಜಿ.ಯಷ್ಟು ಒತ್ತುವವರೆಗೆ ಅದು ಮೇಲೇಳದು. ಆ ಒತ್ತಡದಲ್ಲಿ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಬೇಳೆ ಬೇಗ ಬೇಯುವ ಗುಟ್ಟು ಇಷ್ಟೇ. ಒಂದು ಕುಕ್ಕರಿನ ವೆಯ್ಟನ್ನು ಇನ್ನೊಂದಕ್ಕೆ ಹಾಕಬಾರದು ಎನ್ನುವುದೂ ಇದೇ ಲೆಕ್ಕದ ಮಾತು.

ಕನ್ನಡದ ಅಡುಗೆಮನೆಗಳು ಈ ವಾಲ್ವನ್ನು ಗಡಿಯಾರ ಮಾಡಿಕೊಂಡಿವೆ. ಅನ್ನಕ್ಕೆ ಎರಡು ಕೂಗು, ಬೇಳೆಗೆ ಮೂರು, ನೆನೆಸಿದ ಕಡಲೆಗೆ ಐದಾರು. ಈ ಬರಹಗಾರನ ಬಾಲ್ಯದ ಮನೆಯಲ್ಲಿ ಮಾತ್ರ ಆ ಕೂಗು ದೊಡ್ಡ ತಂಟೆಯಾಗಿತ್ತು. ತೊಟ್ಟಿಲಲ್ಲಿ ತಂಗಿ ಮಲಗಿದ್ದಾಗ ಅಜ್ಜಿ ಸೌಟಿನ ಬೆನ್ನಿನಿಂದ ವೆಯ್ಟನ್ನು ಒತ್ತಿ ಹಿಡಿದು, "ಸುಮ್ನಿರೇ, ಮಗು ಏಳುತ್ತೆ" ಎಂದು ಕುಕ್ಕರನ್ನೇ ಗದರುತ್ತಿದ್ದರು. ಒಂದು ಮಧ್ಯಾಹ್ನ ತೊಗರಿಬೇಳೆಯ ನೊರೆ ನಳಿಕೆಗೆ ಸಿಕ್ಕಿಕೊಂಡು ಕುಕ್ಕರು ಕೂಗಲೇ ಇಲ್ಲ. ಅಜ್ಜಿಗೆ ಸಮಾಧಾನವೇ ಆಗಿರಬೇಕು. ಕೊನೆಗೆ ಮುಚ್ಚಳದ ಇನ್ನೊಂದು ರಕ್ಷಣೆ, ಬಿಸಿ ಮೀರಿದರೆ ಕರಗುವ ಸೇಫ್ಟಿ ಪ್ಲಗ್ಗು, ತನ್ನ ಕೆಲಸ ಮಾಡಿತು. ಬೇಳೆಯೆಲ್ಲ ತಾರಸಿಗೆ ಬಡಿಯಿತು. ಆ ಹಳದಿ ಕಲೆ ಮುಂದಿನ ಸುಣ್ಣದವರೆಗೂ ಉಳಿಯಿತು. ಅದಕ್ಕಿಂತ ಅಪಾಯದ್ದು ರಿಪೇರಿ. ಬೀದಿಯಲ್ಲಿ ಬಂದ ರಿಪೇರಿಯವನು ಪ್ಲಗ್ಗಿನ ಜಾಗಕ್ಕೆ ಗಟ್ಟಿ ಬೋಲ್ಟೊಂದನ್ನು ಬಿಗಿದು, ಇನ್ನು ಜನ್ಮದಲ್ಲಿ ಹಾರುವುದಿಲ್ಲ ಎಂದು ಭರವಸೆ ಕೊಟ್ಟು ಹೋದ. ಅಪ್ಪ ಅದನ್ನು ಗಮನಿಸಿ ಬಿಚ್ಚಿಸಿದರು.

ವಾಲ್ವಿನ ಚರಿತ್ರೆ ಶುರುವಾಗುವುದೂ ಅಡುಗೆಯಿಂದಲೇ. ಫ್ರಾನ್ಸಿನ ಡೆನಿ ಪಾಪಾನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಬಿಗಿಮುಚ್ಚಳದ ಪಾತ್ರೆ ಇಂದಿನ ಕುಕ್ಕರಿನ ಪೂರ್ವಜ. ಮೂಳೆಯನ್ನೂ ಮೆತ್ತಗೆ ಬೇಯಿಸುವ ಆ ಪಾತ್ರೆ ಸಿಡಿಯದಿರಲೆಂದು ಅವನು ತೂಗುಗೋಲಿನಂಥ ಸನ್ನೆಯೊಂದನ್ನು ಜೋಡಿಸಿ, ಅದರ ತುದಿಗೆ ತೂಕ ನೇತುಹಾಕಿದ. ತೂಕವನ್ನು ಆಚೀಚೆ ಸರಿಸಿದರೆ ಮಿತಿ ಏರುತ್ತಿತ್ತು, ಇಳಿಯುತ್ತಿತ್ತು. 1682ರಲ್ಲಿ ಸೊಸೈಟಿಯ ಸದಸ್ಯರಿಗೆ ಅದರಲ್ಲೇ ಬೇಯಿಸಿದ ಊಟ ಬಡಿಸಲಾಯಿತು.

ಸನ್ನೆ ಕೈಗೆ ಸಿಗುವಂತಿದ್ದದ್ದೇ ಮುಂದೆ ತೊಂದರೆಯಾಯಿತು. ಅಮೆರಿಕದ ಸೌತ್ ಕೆರೊಲಿನಾದಲ್ಲಿ ಓಡುತ್ತಿದ್ದ 'ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್‌ಸ್ಟನ್' ಎಂಬ ಉಗಿಬಂಡಿಯ ಬಾಯ್ಲರು 1831ರ ಜೂನ್ 17ರಂದು ಸಿಡಿಯಿತು. ಹಬೆಯ ಸುಯ್‌ಸದ್ದು ತಾಳಲಾರದೆ ಬೆಂಕಿ ಹಾಕುವವನು ವಾಲ್ವಿನ ಸನ್ನೆಯನ್ನು ಅದುಮಿಟ್ಟಿದ್ದ. ಅವನೇ ಜೀವ ಕಳೆದುಕೊಂಡ. ಅಜ್ಜಿಯ ಸೌಟಿಗೂ ಅವನ ಕೈಗೂ ನಡುವೆ ಇದ್ದ ವ್ಯತ್ಯಾಸ ಬಾಯ್ಲರಿನ ಗಾತ್ರವೊಂದೇ. ಆಮೇಲೆ ಆ ರೈಲಿನವರು ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವೆ ಹತ್ತಿಮೂಟೆ ತುಂಬಿದ ಗಾಡಿಯೊಂದನ್ನು ಸೇರಿಸಿದರಂತೆ. ಮುಂದೆ 1850ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್ ಎರಡು ವಾಲ್ವುಗಳ ನಡುವೆ ಒಂದೇ ಸ್ಪ್ರಿಂಗ್ ಇಟ್ಟ. ಒಂದನ್ನು ಅದುಮಿದರೆ ಇನ್ನೊಂದು ಸಡಿಲವಾಗುತ್ತಿತ್ತು. ಮನುಷ್ಯನ ಕೈಯನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ ವಿನ್ಯಾಸ ಅದು.

ಗ್ಯಾಸ್ ಟ್ಯಾಂಕಿನಲ್ಲಿ ಒತ್ತಡ ಹುಟ್ಟುವ ಬಗೆ ಸ್ವಲ್ಪ ಬೇರೆ. ಎಲ್‌ಪಿಜಿ ಒಳಗೆ ದ್ರವವಾಗಿರುತ್ತದೆ, ಮೇಲಿನ ಖಾಲಿ ಜಾಗದಲ್ಲಿ ಅದರ ಆವಿ ಇರುತ್ತದೆ. ಬಿಸಿಲು ಏರಿದಂತೆ ಆವಿಯ ಒತ್ತಡ ಏರುತ್ತದೆ, ದ್ರವವೂ ಹಿಗ್ಗುತ್ತದೆ. ಟ್ಯಾಂಕನ್ನು ಕಂಠಮಟ್ಟ ತುಂಬದೆ ಮೇಲೆ ಜಾಗ ಬಿಡುವುದು ಅದಕ್ಕೇ. ವಾಲ್ವು ಆ ಆವಿಯ ಭಾಗಕ್ಕೇ ಸೇರಿರಬೇಕು, ನೆಟ್ಟಗೆ ನಿಂತಿರಬೇಕು. ದ್ರವಕ್ಕೆ ಸೇರಿದ್ದರೆ ಹೊರಗೆ ಚಿಮ್ಮುವುದು ದ್ರವ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಆವಿಯಾಗಿ ಹರಡುತ್ತದೆ. ಘಾಟಿಯಲ್ಲಿ ಮಗುಚಿಬಿದ್ದ ಟ್ಯಾಂಕರ್ ಹೆಚ್ಚು ಭಯಂಕರವೆನಿಸಲು ಇದೂ ಒಂದು ಕಾರಣ: ಮೇಲಿದ್ದದ್ದು ಅಡ್ಡವಾಗಿ, ವಾಲ್ವು ದ್ರವದಲ್ಲಿ ಮುಳುಗಿರಬಹುದು.

ವಾಲ್ವಿನ ಮಿತಿ ಟ್ಯಾಂಕಿನ ವಿನ್ಯಾಸದ ಒತ್ತಡಕ್ಕೆ ಹೊಂದಬೇಕು. ಗಾತ್ರವನ್ನು ಬಿಸಿಲಿಗಲ್ಲ, ಟ್ಯಾಂಕಿನ ಸುತ್ತ ಬೆಂಕಿ ಹತ್ತಿದರೆ ಹುಟ್ಟುವ ಆವಿಗೆ ಲೆಕ್ಕ ಹಾಕುತ್ತಾರೆ. ಟ್ಯಾಂಕಿನಿಂದ ವಾಲ್ವಿಗೆ ಹೋಗುವ ಕೊಳವೆ ಗಿಡ್ಡವೂ ಅಗಲವೂ ಆಗಿರಬೇಕು. ಅಲ್ಲಿ ಒತ್ತಡದ ನಷ್ಟ ಮಿತಿಯ ಶೇ. 3ನ್ನು ಮೀರಿದರೆ ವಾಲ್ವು ತೆರೆಯುತ್ತ ಮುಚ್ಚುತ್ತ ಪಟಪಟ ಬಡಿದುಕೊಂಡು ತನ್ನ ಪೀಠವನ್ನೇ ಹಾಳುಮಾಡಿಕೊಳ್ಳುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ವಾಲ್ವಿನ ಕೆಳಗೆ ಯಾರೋ ತಿರುಗಿಸಿ ಮುಚ್ಚಬಹುದಾದ ಇನ್ನೊಂದು ವಾಲ್ವು ಇರಬಾರದು. ರಿಪೇರಿಗೆ ಬಿಚ್ಚಲೇಬೇಕಲ್ಲ ಎಂದರೆ, ಎರಡು ಸೇಫ್ಟಿ ವಾಲ್ವು ಕೂರಿಸಿ ನಡುವೆ ಮೂರು ದಾರಿಯ ವಾಲ್ವು ಇಡುತ್ತಾರೆ; ಹ್ಯಾಂಡಲ್ ಹೇಗೆ ತಿರುಗಿಸಿದರೂ ಒಂದು ದಾರಿ ತೆರೆದೇ ಇರುತ್ತದೆ. ರಾಮ್ಸ್‌ಬಾಟಮನ ಜಾಣತನವೇ ಇನ್ನೊಂದು ರೂಪದಲ್ಲಿ. ಎರಡು ತುದಿಯೂ ಮುಚ್ಚಬಹುದಾದ ದ್ರವದ ಪೈಪಿಗೂ ಒಂದು ಚಿಕ್ಕ ರಿಲೀಫ್ ವಾಲ್ವು ಬೇಕು. ಇದನ್ನು ಮರೆಯುವವರು ಬಹಳ.

ಹೊರಗೆ ಬಿಡುವ ಕೊಳವೆ ಆಕಾಶಕ್ಕೆ ಮುಖ ಮಾಡಿರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಅಡ್ಡಕ್ಕೆ ಬಿಟ್ಟರೆ ನೆಲ ಹಿಡಿದು ಹರಿದು ಎಲ್ಲೋ ಉರಿಯುವ ಒಲೆಯನ್ನು ಹುಡುಕಿಕೊಳ್ಳುತ್ತದೆ. ಮೇಲ್ಮುಖದ ಕೊಳವೆಗೆ ಮಳೆನೀರಿನ ಕಾಟವಿದೆ. ಅದಕ್ಕೆ ಹಗುರವಾಗಿ ಕೂತ, ಗ್ಯಾಸು ಬಂದರೆ ಹಾರಿಹೋಗುವ ಟೋಪಿ, ಬುಡದಲ್ಲಿ ನೀರು ಇಳಿಯಲು ಪುಟ್ಟ ತೂತು. ಆ ತೂತಿನಿಂದ ಹೊರಟ ಜ್ವಾಲೆ ಟ್ಯಾಂಕಿನ ಮೈಗೆ ತಾಗದಂತೆಯೂ ನೋಡಿಕೊಳ್ಳಬೇಕು.

ತೊಟ್ಟಿಲಲ್ಲಿ ಮಲಗಿದ್ದ ಆ ತಂಗಿ ಈಗ ಇಂಥ ವಾಲ್ವುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ, ಕಿವಿಗೆ ಮಫ್ ಹಾಕಿಕೊಂಡು. ಅವಳ ಮಾತಿನಲ್ಲಿ ವಾಲ್ವಿನ ಶತ್ರುಗಳು ಮೂರು: ತುಕ್ಕು, ಬಣ್ಣ, ಕಣಜ. ಬೇಸಿಗೆಯಲ್ಲಿ ಕಣಜದ ಹುಳು ಕೊಳವೆಯೊಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಟ್ಯಾಂಕಿಗೆ ಬಣ್ಣ ಬಳಿಯುವವರು ಉತ್ಸಾಹದಲ್ಲಿ ವಾಲ್ವಿನ ಸಂದಿಗೂ ಬ್ರಷ್ ಆಡಿಸಿಬಿಡುತ್ತಾರೆ. ಟೋಪಿ ಇದೆಯೇ, ಸೀಸದ ಮುದ್ರೆ ಒಡೆದಿಲ್ಲವೇ ಎಂದು ಆಗಾಗ ನೋಡುವುದು ಸ್ಥಳದವರ ಕೆಲಸ. ನೋಡುವಾಗ ಕೊಳವೆಯ ಬಾಯಿಗೆ ಮುಖ ಒಡ್ಡುವಂತಿಲ್ಲ. ಭಾರತದ ಒತ್ತಡ ಪಾತ್ರೆಗಳ ನಿಯಮಗಳ ಪ್ರಕಾರ ವರ್ಷಕ್ಕೊಮ್ಮೆಯಾದರೂ ಅರ್ಹ ಪರೀಕ್ಷಕರಿಂದ ವಾಲ್ವಿನ ಮಿತಿಯನ್ನು ಪರೀಕ್ಷಿಸಿ ದಾಖಲೆ ಇಡಬೇಕು. ಬೆಂಚಿನ ಮೇಲೆ ಗಾಳಿ ಅಥವಾ ನೈಟ್ರೋಜನ್ ಏರಿಸಿ, ಯಾವ ಅಂಕಿಯಲ್ಲಿ 'ಠಪ್' ಎಂದಿತು, ಎಷ್ಟಕ್ಕೆ ಮುಚ್ಚಿತು, ಮುಚ್ಚಿದ ಮೇಲೆ ಸೋರುತ್ತಿದೆಯೇ ಎಂದು ಬರೆದುಕೊಳ್ಳುತ್ತಾರೆ. ಬಿಚ್ಚಿದ ಜಾಗ ಖಾಲಿ ಉಳಿಯದಂತೆ ಪರೀಕ್ಷೆಯಾದ ಇನ್ನೊಂದು ವಾಲ್ವು ಮೊದಲೇ ಸಿದ್ಧವಿರಬೇಕು. ಸೋರುವ ವಾಲ್ವಿನ ಸ್ಪ್ರಿಂಗನ್ನು ಸ್ಥಳದಲ್ಲೇ ಬಿಗಿಮಾಡುವುದು ರಿಪೇರಿಯಲ್ಲ. ಅದು ಅದೇ ಬೋಲ್ಟಿನ ಕಥೆ.

ಎಲ್ಲ ಸರಿಯಿದ್ದರೂ ಈ ವಾಲ್ವಿನ ಕೈಲಾಗದ ಕೆಲಸಗಳಿವೆ. 1966ರ ಜನವರಿ 4ರಂದು ಫ್ರಾನ್ಸಿನ ಲಿಯೋನ್ ಬಳಿಯ ಫೆಜಾನಿನಲ್ಲಿ ಪ್ರೊಪೇನ್ ತುಂಬಿದ ಗೋಳಾಕಾರದ ಟ್ಯಾಂಕಿನ ಕೆಳಗೆ ಬೆಂಕಿ ಹತ್ತಿತು. ಸೇಫ್ಟಿ ವಾಲ್ವು ತೆರೆಯಿತು. ಅದು ತೆರೆದಿದೆಯಲ್ಲ ಎಂಬ ಧೈರ್ಯದಲ್ಲಿ ಅಗ್ನಿಶಾಮಕರು ನೀರನ್ನು ಪಕ್ಕದ ಟ್ಯಾಂಕುಗಳಿಗೆ ಹಾಯಿಸಿದರು. ದ್ರವ ತಾಗಿದ ಉಕ್ಕು ತಣ್ಣಗಿರುತ್ತದೆ. ಆವಿ ಮಾತ್ರ ಇರುವ ಮೇಲ್ಭಾಗದ ಉಕ್ಕು ಕಾದು ಮೆತ್ತಗಾಗುತ್ತದೆ. ಒತ್ತಡ ಮಿತಿಯಲ್ಲೇ ಇದ್ದರೂ ಟ್ಯಾಂಕು ಹರಿಯಿತು. 18 ಜನ ಸತ್ತರು. ಅದಕ್ಕೇ ಟ್ಯಾಂಕಿನ ಮೈಮೇಲೆ ನೀರಿನ ಸಿಂಚನದ ಪೈಪುಗಳು, ಸೋರಿದ ದ್ರವ ಕೆಳಗೇ ನಿಲ್ಲದಂತೆ ಓರೆಯಾದ ನೆಲ. ಈಚೆಗೆ ಬುಲೆಟ್ ಎಂದು ಕರೆಯುವ ಉದ್ದನೆಯ ಟ್ಯಾಂಕುಗಳನ್ನು ಎಷ್ಟೋ ಕಡೆ ಮಣ್ಣಿನ ದಿಬ್ಬದಲ್ಲಿ ಹೂತಿಡುತ್ತಾರೆ. ಹುಲ್ಲು ಬೆಳೆದ ಆ ದಿಬ್ಬದ ಮೇಲೆ ಹೊರಗೆ ಕಾಣುವುದು, ಮಳೆಟೋಪಿ ಹಾಕಿಕೊಂಡು ನಿಂತ ವಾಲ್ವಿನ ಕೊಳವೆಗಳು.