ಅಂಚಿನ ಗೆರೆಗೆ ಯಾವ ಬೆವೆಲರ್?

ಚರ್ಮದ ಬೆಲ್ಟಿನ ಮೇಲೆ ಹೂಬಳ್ಳಿ ಕೆತ್ತಿದ್ದು ಕಂಡರೆ ಎಲ್ಲರೂ ಹೂವನ್ನೇ ಹೊಗಳ್ತಾರೆ. ನಾನು ಮೊದಲು ನೋಡೋದು ಅಂಚಿನ ಗೆರೆ. ಹೂವಲ್ಲಿ ಕೈ ನಡುಗಿದ್ದು ಎಸಳುಗಳ ಮಧ್ಯೆ ಮುಚ್ಚಿಹೋಗುತ್ತೆ, ನೇರ ಗೆರೆಯಲ್ಲಿ ಅಡಗೋಕೆ ಜಾಗವೇ ಇಲ್ಲ.

ಸ್ವಿವೆಲ್ ಚಾಕುವಿನಿಂದ ಗೆರೆ ಕೊಯ್ದ ಮೇಲೆ ಅದರ ಒಂದು ಬದಿಯನ್ನು ಬೆವೆಲರ್ ಅನ್ನೋ ಇಳಿಜಾರು ಮುಖದ ಅಚ್ಚು ಇಟ್ಟು ಬಡಿದು ತಗ್ಗಿಸ್ತಾರೆ. ಕಿರಿದಾದ ಮುಖದ ಬೆವೆಲರ್ ತಿರುವುಗಳಿಗೆ ಸರಿ. ಉದ್ದ ಅಂಚಿಗೂ ಅದನ್ನೇ ಹಿಡಿದರೆ ಏಟೇಟಿನ ಗುರುತೂ ಮೆಟ್ಟಿಲಿನ ಹಾಗೆ ಉಳಿಯುತ್ತೆ. ಅಲ್ಲಿಗೆ ಅಗಲ ಮುಖದ್ದು ಬೇಕು. ಪ್ರತಿ ಏಟೂ ಹಿಂದಿನದರ ಮೇಲೆ ಅರ್ಧ ಕೂರುವಂತೆ ಸರಿಸುತ್ತಾ ಹೋಗಬೇಕು. ಇಳಿಜಾರು ಕಡಿದಾಗಿದ್ದಷ್ಟೂ ಗೆರೆಯ ನೆರಳು ಗಾಢ.

ನುಣುಪು ಮುಖವೋ, ಚೌಕುಳಿ ಗೀರಿನದೋ? ಪಕ್ಕದ ಹಿನ್ನೆಲೆಗೆ ಅಚ್ಚು ಹೊಡೆಯೋದಿದ್ದರೆ ಚೌಕುಳಿ ನಡೆಯುತ್ತೆ. ಖಾಲಿ ಬಿಡೋದಾದ್ರೆ ನುಣುಪೇ ಚೆಂದ ಅನ್ನೋದು ನನ್ನ ಹಟ. ಕೊಂಡ ಬೆವೆಲರ್‌ನ ಮೂಲೆಗಳು ಚೂಪಾಗಿದ್ದರೆ ನಯವಾದ ಎಮರಿ ಪೇಪರಿನಲ್ಲಿ ಸ್ವಲ್ಪ ಉಜ್ಜಿ, ಇಲ್ಲದಿದ್ರೆ ಚರ್ಮಕ್ಕೆ ಗಾಯ.

ಅಂದಹಾಗೆ, ಇದೆಲ್ಲ ತೊಗಟೆಯ ಹದದ ಚರ್ಮವನ್ನು ಒದ್ದೆ ಮಾಡಿ, ಮೇಲ್ಮೈ ಆರಿ ಒಳಗೆ ಇನ್ನೂ ತೇವ ಇರುವಾಗಿನ ಮಾತು. ಕ್ರೋಮ್ ಹದದ ಚರ್ಮದ ಮೇಲೆ ಎಂಥ ಬೆವೆಲರ್ ಹೊಡೆದರೂ ಅಚ್ಚು ಸರಿಯಾಗಿ ನಿಲ್ಲಲ್ಲ.