ಗಾಳಿಯನ್ನು ನಂಬಿದ ಯಂತ್ರ

ಬೆಂಕಿಯನ್ನು ಹೊತ್ತಿಸುವುದು ಸುಲಭ. ಹೊತ್ತಿಸಿದ ಬೆಂಕಿಯನ್ನು ಮಿತಿಯಲ್ಲಿಡುವುದು ಕಷ್ಟ. ಅಡಿಗೆಮನೆಯ ಒಲೆಯಿಂದ ಹಿಡಿದು ಕಮ್ಮಾರನ ಕುಲುಮೆಯವರೆಗೆ ಮನುಷ್ಯನು ಕಲಿತ ವಿದ್ಯೆಯ ಬಹುಭಾಗವು ಈ ಎರಡನೆಯ ಕೆಲಸಕ್ಕೆ ಸೇರಿದುದು. ಮೋಟಾರು ಗಾಡಿಯ ಯಂತ್ರವೂ ಒಂದು ಒಲೆಯೇ. ಅದರ ಸಿಲಿಂಡರಿನೊಳಗೆ ಪೆಟ್ರೋಲಿನ ಆವಿಯು ಉರಿಯುವಾಗ ಜ್ವಾಲೆಯ ಉಷ್ಣತೆಯು 2000 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು. ಆ ಜ್ವಾಲೆಗೆ ಚಾವಣಿಯಾಗಿ ನಿಂತ ಅಲ್ಯುಮಿನಿಯಮ್ ಲೋಹವಾದರೋ 660 ಡಿಗ್ರಿಗೇ ಕರಗುವಂಥದು. ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಒದಗುವುದು ಸುಮಾರು ನಾಲ್ಕರಲ್ಲೊಂದು ಪಾಲು ಮಾತ್ರ, ಉಳಿದುದೆಲ್ಲ ಶಾಖ. ಅದರಲ್ಲಿ ಒಂದಂಶವು ಹೊಗೆಯೊಡನೆ ಹೊರಬೀಳುವುದು. ಇನ್ನೊಂದಂಶವನ್ನು ಯಂತ್ರದ ಮೈಯಿಂದ ಯಾರಾದರೂ ಹೊತ್ತೊಯ್ಯಬೇಕು. ಹಾಗೆ ಒಯ್ಯುವವರು ಯಾರೆಂಬ ಪ್ರಶ್ನೆಗೆ ಮೋಟಾರಿನ ಚರಿತ್ರೆಯಲ್ಲಿ ಎರಡು ಉತ್ತರಗಳುಂಟು: ಒಂದು ನೀರು, ಇನ್ನೊಂದು ಗಾಳಿ.

ನೀರಿನ ಉತ್ತರವು ಎಲ್ಲರೂ ಬಲ್ಲುದು. ಘಟ್ಟದ ಏರನ್ನು ಹತ್ತಿ ಏದುಸಿರು ಬಿಡುತ್ತ ನಿಂತ ಹಳೆಯ ಬಸ್ಸು, ಅದರ ಮೂತಿಯಿಂದ ಬುಸುಗುಟ್ಟುವ ಹಬೆ, ಡಬ್ಬ ಹಿಡಿದು ಹಳ್ಳದ ಕಡೆಗೆ ಓಡುವ ಕ್ಲೀನರು ಹುಡುಗ, ಈ ಚಿತ್ರವನ್ನು ಮಲೆನಾಡಿನ ದಾರಿಗಳಲ್ಲಿ ಸಂಚರಿಸಿದ ಹಿರಿಯರು ಮರೆತಿರಲಾರರು. ನೀರು ಕುದಿಯುವುದು, ಚಳಿಯ ದೇಶಗಳಲ್ಲಿ ಹೆಪ್ಪುಗಟ್ಟುವುದು, ಸೋರುವುದು, ತುಕ್ಕು ಹಿಡಿಸುವುದು. ಗಾಳಿಗೆ ಈ ನಾಲ್ಕು ದೋಷಗಳೂ ಇಲ್ಲ. ಅದನ್ನು ಹೊತ್ತು ತರಬೇಕಾಗಿಲ್ಲ, ಕೊಳ್ಳಬೇಕಾಗಿಲ್ಲ. ಇದನ್ನು ಮನಗಂಡೇ ಫರ್ಡಿನಾಂಡ್ ಪೋರ್ಷೆಯೂ ಅವನ ಸಂಗಡಿಗರೂ 1930ರ ದಶಕದಲ್ಲಿ ಜರ್ಮನಿಯ ಸಾಮಾನ್ಯ ಜನಕ್ಕಾಗಿ ರೂಪಿಸಿದ ಗಾಡಿಗೆ ಗಾಳಿಯನ್ನೇ ನೆಚ್ಚಿದರು. ಅದೇ ಫೋಕ್ಸ್‌ವಾಗನ್. ಜೀರುಂಡೆಯ ಬೆನ್ನಿನಂತೆ ದುಂಡಾಗಿದ್ದುದರಿಂದ ಲೋಕವು ಅದಕ್ಕೆ ಬೀಟಲ್ ಎಂದು ಹೆಸರಿಟ್ಟಿತು. ಅದರ ಕಾರ್ಖಾನೆಗೆ 1938ರ ಮೇ ತಿಂಗಳಲ್ಲಿ ಅಡಿಗಲ್ಲು ಬಿತ್ತು. ಆದರೆ ಜನರ ಕೈಗೆ ಗಾಡಿ ಸೇರುವ ಮುನ್ನವೇ ಯುದ್ಧವು ಬಂದಿತು. ಅದೇ ಯಂತ್ರವನ್ನು ಹೊತ್ತ ಸೈನ್ಯದ ಬಂಡಿಗಳು ಉತ್ತರ ಆಫ್ರಿಕದ ಮರಳಿನಲ್ಲಿ ಓಡಿದುವು. ಕುಡಿಯುವ ನೀರಿಗೇ ಲೆಕ್ಕವಿಟ್ಟ ಆ ನೆಲದಲ್ಲಿ ನೀರು ಬೇಡದ ಯಂತ್ರದ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಯುದ್ಧ ಮುಗಿದ ಮೇಲೆ 1945ರಲ್ಲಿ ಬ್ರಿಟಿಷ್ ಸೈನ್ಯದ ಮೇಜರ್ ಐವನ್ ಹರ್ಸ್ಟ್ ಎಂಬವನು ಪಾಳುಬಿದ್ದ ಆ ಕಾರ್ಖಾನೆಯನ್ನು ಮತ್ತೆ ನಡೆಸಿದನು. 1963ರಲ್ಲಿ ಆಸ್ಟ್ರೇಲಿಯದವರು ಇಂಥದೇ ಒಂದು ಕೆಂಪು ಗಾಡಿಯನ್ನು ದಕ್ಷಿಣಧ್ರುವಖಂಡದ ಮಾಸನ್ ನೆಲೆಗೆ ಒಯ್ದರು. ಮರಳುಗಾಡಿನಲ್ಲಿಯೂ ಮಂಜುಗಾಡಿನಲ್ಲಿಯೂ ಒಂದೇ ಯಂತ್ರವು ನಡೆಯಿತು.

ಗಾಳಿಯಿಂದ ತಣಿಯುವುದೆಂದೊಡನೆ, ಗಾಡಿ ಓಡುವಾಗ ಎದುರಿನಿಂದ ಬೀಸುವ ಗಾಳಿಯೇ ಯಂತ್ರವನ್ನು ತಣಿಸುವುದೆಂದು ಅನೇಕರು ಭಾವಿಸುವರು. ಬೈಸಿಕಲ್ಲಿನಂತೆ ಮೈತೆರೆದಿರುವ ಮೋಟಾರುಸೈಕಲ್ಲಿನ ಮಟ್ಟಿಗೆ ಇದು ನಿಜ. ಫೋಕ್ಸ್‌ವಾಗನ್ನಿನ ಯಂತ್ರವಾದರೋ ಗಾಡಿಯ ಹಿಂಭಾಗದಲ್ಲಿ, ಮುಚ್ಚಿದ ಕೋಣೆಯಲ್ಲಿ ಕುಳಿತಿರುವುದು. ಅದಕ್ಕೆ ಗಾಳಿಯನ್ನು ಒದಗಿಸುವುದು ಒಂದು ಬೀಸಣಿಗೆ. ವಿದ್ಯುತ್ತನ್ನು ಹುಟ್ಟಿಸುವ ಡೈನಮೋವಿನ ದಂಡಕ್ಕೇ ಈ ಬೀಸಣಿಗೆಯನ್ನು ಸಿಕ್ಕಿಸಿದೆ. ಎರಡನ್ನೂ ತಿರುಗಿಸುವುದು ಒಂದೇ ರಬ್ಬರು ಪಟ್ಟಿ. ಹಿಂದಿನ ಕಿಟಕಿಯ ಕೆಳಗಿನ ಸೀಳುಗಳಿಂದ ಒಳಬಂದ ತಂಪು ಗಾಳಿಯನ್ನು ಬೀಸಣಿಗೆಯು ಸೆಳೆದು, ತಗಡಿನ ಗೂಡಿನೊಳಕ್ಕೆ ನೂಕುವುದು. ಗಾಳಿಯು ಅಲ್ಲಿಂದ ಇಬ್ಭಾಗವಾಗಿ, ಎಡಕ್ಕೆರಡು ಬಲಕ್ಕೆರಡು ಎಂದು ಅಡ್ಡಲಾಗಿ ಮಲಗಿರುವ ನಾಲ್ಕು ಸಿಲಿಂಡರುಗಳ ಮೇಲೆ ಇಳಿದು, ಅವುಗಳ ಮೈಮೇಲಿನ ರೆಕ್ಕೆಗಳ ನಡುವೆ ನುಸುಳಿ, ಬಿಸಿಯಾಗಿ ಗಾಡಿಯ ಅಡಿಯಿಂದ ಹೊರಟುಹೋಗುವುದು. ಮೇಲಿನ ಕೋಣೆ ತಂಪಿನದು, ಕೆಳಗಿನದು ಬಿಸಿಯದು. ಇವೆರಡರ ನಡುವೆ ತಗಡಿನ ತೆಳುವಾದ ಗೋಡೆಯೂ ಅದರ ಅಂಚಿಗೆ ರಬ್ಬರಿನ ಬಿಗಿಯೂ ಉಂಟು. ಯಂತ್ರದ ಆಯುಸ್ಸೆಲ್ಲ ಈ ಗೋಡೆಯ ಮೇಲೆ ನಿಂತಿದೆಯೆಂದರೆ ಉತ್ಪ್ರೇಕ್ಷೆಯಾಗದು. ಗೋಡೆಯಲ್ಲಿ ಕಂಡಿ ಬಿದ್ದರೆ, ಒಮ್ಮೆ ಕಾದು ಹೊರಬಿದ್ದ ಗಾಳಿಯನ್ನೇ ಬೀಸಣಿಗೆಯು ಮತ್ತೆ ಸೆಳೆದುಕೊಳ್ಳುವುದು. ಮನುಷ್ಯನು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡರೆ ಎಷ್ಟು ಹೊತ್ತು ಬದುಕಿಯಾನು?

ಇಂಥದೊಂದು ಗಾಡಿ ಬಳ್ಳಾರಿಯಲ್ಲಿ ಒಬ್ಬ ನಿವೃತ್ತ ಎಂಜಿನಿಯರರ ಮನೆಯಲ್ಲಿದ್ದಿತು. 1967ರ ಮಾದರಿ, ಯಂತ್ರವು 1493 ಘನ ಸೆಂಟಿಮೀಟರಿನದು. ಯಜಮಾನರ ಪತ್ನಿ ತೀರಿಹೋಗಿ ವರ್ಷಗಳಾಗಿದ್ದುವು. ಆಕೆಯೊಡನೆ ಹಂಪೆಗೂ ಮಂತ್ರಾಲಯಕ್ಕೂ ಹೋಗಿಬಂದ ಗಾಡಿಯೆಂದು ಅವರಿಗೆ ಅದರಲ್ಲಿ ಮಮತೆ. ಕಣ್ಣು ಮಂಜಾದ ಮೇಲೆ ಅದನ್ನು ನೋಡಿಕೊಳ್ಳುವ ಭಾರವು ಸೋದರಳಿಯನ ಪಾಲಿಗೆ ಬಂದಿತು. ಬಳ್ಳಾರಿಯ ಬೇಸಗೆಯೆಂದರೆ ನೆರಳಿನಲ್ಲಿಯೇ 40 ಡಿಗ್ರಿ ದಾಟುವಂಥದು. ಹುಡುಗನಿಗೆ ಯಂತ್ರದ ಮೇಲೆ ಕನಿಕರ ಹುಟ್ಟಿತು.

"ಮಾವಾ, ಇಷ್ಟೊಂದು ತಗಡು ಯಾಕೆ ಹೊದಿಸಿದ್ದಾರೆ? ಇವನ್ನೆಲ್ಲ ಬಿಚ್ಚಿಬಿಟ್ಟರೆ ಯಂತ್ರಕ್ಕೆ ಗಾಳಿ ಚೆನ್ನಾಗಿ ಆಡುವುದಿಲ್ಲವೆ?" ಎಂದು ಅವನು ಒಮ್ಮೆ ಕೇಳಿದನು.

"ಕಾಲುವೆಯ ದಂಡೆ ಕಡಿದರೆ ನೀರು ಚೆನ್ನಾಗಿ ಹರಿಯುತ್ತದಪ್ಪ. ಆದರೆ ನಿನ್ನ ಹೊಲಕ್ಕಲ್ಲ" ಎಂದರು ಯಜಮಾನರು.

ಅಳಿಯನಿಗೆ ಆ ಮಾತು ಹಳೆಯ ಕಾಲದ ಒಗಟಿನಂತೆ ತೋರಿತು. ಚೈತ್ರದಲ್ಲಿ ಹಿರಿಯೂರಿನ ಕಡೆ ಒಂದು ಮದುವೆ ಬಂದಿತು. ಅವನು ಹೊರಡುವ ಮೊದಲು ಹಿಂಬದಿಯ ತಗಡೊಂದನ್ನು ಕಳಚಿಟ್ಟನು. ಹರಿದ ರಬ್ಬರನ್ನು ಕಿತ್ತೆಸೆದನು. ಸಿಲಿಂಡರುಗಳ ಅಡಿಯಲ್ಲಿದ್ದ ಶಾಖನಿಯಾಮಕವನ್ನೂ ಅದರ ಆಜ್ಞೆಯಂತೆ ತೆರೆದು ಮುಚ್ಚುವ ತಗಡಿನ ಕದಗಳನ್ನೂ, ಇವು ಚಳಿಯ ದೇಶದವರಿಗಷ್ಟೇ ಬೇಕಾದುವೆಂದು, ತೆಗೆದುಹಾಕಿದನು. ಗಾಡಿಯ ತುಂಬ ಜನ, ಸಾಮಾನು. ಚಳ್ಳಕೆರೆಯವರೆಗೂ ನಾಲ್ಕನೆಯ ಗೇರಿನಲ್ಲಿಯೇ, ಪೆಟ್ರೋಲಿನ ಮೆಟ್ಟನ್ನು ತಳಮುಟ್ಟ ತುಳಿದು ಓಡಿಸಿದನು. ಊರು ಕಾಣುವ ಹೊತ್ತಿಗೆ ಯಂತ್ರದ ದನಿ ಕೆಟ್ಟಿತು. ನಾಲ್ಕು ಕಾಲಿನ ಕುದುರೆ ಮೂರು ಕಾಲಿನಲ್ಲಿ ಕುಂಟಿದಂತಾಯಿತು. ಬಿಚ್ಚಿ ನೋಡಿದಾಗ ಮೂರನೆಯ ಸಿಲಿಂಡರಿನ ಹೊಗೆ ಹೊರಡುವ ಬಾಯಿಯ ವಾಲ್ವು ಸುಟ್ಟು, ಅದರ ಅಂಚು ಹಾರಿಹೋಗಿದ್ದಿತು.

ಮೂರನೆಯದೇ ಏಕೆ? ಇದಕ್ಕೆ ಕಾರಣವುಂಟು. ಈ ಯಂತ್ರದಲ್ಲಿ ಶಾಖವನ್ನು ಒಯ್ಯುವುದರಲ್ಲಿ ಗಾಳಿಯಂತೆಯೇ ಎಣ್ಣೆಗೂ ದೊಡ್ಡ ಪಾಲು. ಆ ಎಣ್ಣೆಯನ್ನು ತಣಿಸುವ ಸಣ್ಣ ಗೋಪುರವೊಂದನ್ನು ಬೀಸಣಿಗೆಯ ಗೂಡಿನೊಳಗೆ, ಎಡಮಗ್ಗುಲಲ್ಲಿ ನಿಲ್ಲಿಸಿದೆ. ಮೂರನೆಯ ಸಿಲಿಂಡರು ಅದರ ನೆರಳಿನಲ್ಲಿರುವುದು. ಎಣ್ಣೆಯ ಬಿಸಿಯನ್ನು ಹೀರಿದ ಗಾಳಿಯೇ ಅದಕ್ಕೆ ಸಿಕ್ಕುವುದು; ಪಂಕ್ತಿಯ ಕಡೆಯಲ್ಲಿ ಕುಳಿತವನಿಗೆ ತಣ್ಣಗಾದ ಅನ್ನವೆಂಬಂತೆ, ಇವನಿಗೆ ಬಿಸಿಯಾದ ಗಾಳಿ. ಕಾರ್ಖಾನೆಯವರು ಇದನ್ನು ಬಲ್ಲರು. ಆದುದರಿಂದಲೇ 1971ರ ಮಾದರಿಯಿಂದ ಆ ಗೋಪುರವನ್ನು ಗೂಡಿನ ಹೊರಮಗ್ಗುಲಿಗೆ ಸರಿಸಿ, ಅದಕ್ಕೆ ಬೇರೆಯೇ ಗಾಳಿದಾರಿಯನ್ನು ಮಾಡಿ, ಬೀಸಣಿಗೆಯನ್ನೂ ಅಗಲಗೊಳಿಸಿದರು. ಅಳಿಯನು ಕಿತ್ತುಹಾಕಿದ ಕದಗಳು ಕೇವಲ ಬಾಗಿಲುಗಳಾಗಿರಲಿಲ್ಲ. ತೆರೆದು ನಿಂತಾಗ ಅವೇ ಗಾಳಿಯನ್ನು ಎಲ್ಲೆಲ್ಲಿಗೆ ಎಷ್ಟೆಷ್ಟೆಂದು ತಿರುಗಿಸುವ ದಂಡೆಗಳೂ ಆಗಿದ್ದುವು. ಶಾಖನಿಯಾಮಕವು 65ರಿಂದ 70 ಡಿಗ್ರಿಗೆ ಹಿಗ್ಗಿ, ಆ ಕದಗಳನ್ನು ತಾನಾಗಿಯೇ ತೆರೆಯುವುದು. ಅದು ಕೆಟ್ಟರೂ ಕದಗಳು ತೆರೆದೇ ಉಳಿಯುವಂತೆ ಏರ್ಪಾಡುಂಟು. ಬೇಸಗೆಯಲ್ಲಿ ಅದರಿಂದ ಅಪಾಯವಿಲ್ಲ.

ಯಜಮಾನರು ಗದರಲಿಲ್ಲ. ಸುಟ್ಟ ವಾಲ್ವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಬೆರಳಿನಿಂದ ಸವರುತ್ತಿದ್ದರು. ಬಳಿಕ, "ತಗಡುಗಳನ್ನು ಎಲ್ಲಿಟ್ಟಿದ್ದೀಯೆ?" ಎಂದು ಕೇಳಿದರು. ಅಟ್ಟದ ಮೇಲಿದ್ದುವು. "ಹಾಗಾದರೆ ಕೆಟ್ಟದ್ದು ಅರ್ಧವೇ" ಎಂದರು. ಆ ಮಳೆಗಾಲವೆಲ್ಲ ಅಳಿಯನು ಮೇಸ್ತ್ರಿಯ ಪಕ್ಕದಲ್ಲಿ ಕುಳಿತು ಒಂದೊಂದೇ ತಗಡನ್ನು ತೊಳೆದು, ನೇರಮಾಡಿ, ಅದರದರ ಸ್ಥಳದಲ್ಲಿ ಕೂರಿಸಿದನು. ಪ್ರತಿಯೊಂದನ್ನೂ ಕೂರಿಸುವ ಮೊದಲು ಅದು ಏತಕ್ಕೆಂದು ಮಾವನಿಗೆ ಹೇಳಬೇಕಾಗಿದ್ದಿತು. ಕಣ್ಣು ಕಾಣದ ಮುದುಕರು ಬೆರಳಿನಿಂದ ಮುಟ್ಟಿ ಒಪ್ಪಿದ ಮೇಲೆಯೇ ತಿರುಪು ಬಿಗಿಯುವುದು.

ಇಂಥ ಗಾಡಿಯನ್ನು ಬಿಸಿಲುನಾಡಿನಲ್ಲಿ ಸಾಕುವವನು ಮಾಡಬೇಕಾದುದು ಹೆಚ್ಚೇನಿಲ್ಲ. ಆದರೆ ತಪ್ಪದೆ ಮಾಡಬೇಕು. ಮೊದಲನೆಯದು ರಬ್ಬರು ಪಟ್ಟಿ. ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಸುಮಾರು 15 ಮಿಲಿಮೀಟರು ಬಗ್ಗುವಷ್ಟು ಬಿಗಿ ಇರತಕ್ಕದ್ದು. ಹೆಚ್ಚು ಸಡಿಲವಾದರೆ ಬೀಸಣಿಗೆ ಜಾರುವುದು. ಹೆಚ್ಚು ಬಿಗಿಯಾದರೆ ಡೈನಮೋವಿನ ಬೇರಿಂಗು ಸವೆಯುವುದು. ರಾಟೆಯ ಎರಡು ಹೋಳುಗಳ ನಡುವಿನ ಬಿಲ್ಲೆಗಳಲ್ಲಿ ಒಂದನ್ನು ತೆಗೆದರೆ ಪಟ್ಟಿ ಬಿಗಿಯಾಗುವುದು. ತೆಗೆದ ಬಿಲ್ಲೆಯನ್ನು ಬಿಸಾಡದೆ ರಾಟೆಯ ಹೊರಮಗ್ಗುಲಿಗೇ ಸೇರಿಸಿಡುವುದು ರೂಢಿ. ಮುಂದೆ ಹೊಸ ಪಟ್ಟಿಗೆ ಅದು ಬೇಕಾಗುವುದು. ಓಡುತ್ತಿರುವಾಗ ಕೆಂಪು ದೀಪ ಹೊತ್ತಿಕೊಂಡರೆ, ಬೇರೆ ಕೆಲವು ಗಾಡಿಗಳಲ್ಲಿ ಬ್ಯಾಟರಿಗೆ ವಿದ್ಯುತ್ತು ಹೋಗುತ್ತಿಲ್ಲವೆಂದಷ್ಟೇ ಅರ್ಥ. ಊರು ಮುಟ್ಟಿ ನೋಡಿಕೊಳ್ಳಬಹುದು. ಇಲ್ಲಿ ಹಾಗಲ್ಲ. ಪಟ್ಟಿ ಹರಿದಿದ್ದರೆ ಬೀಸಣಿಗೆಯೂ ನಿಂತಿರುವುದು. ಆ ಕ್ಷಣದಲ್ಲಿಯೇ, ಮರದ ನೆರಳನ್ನೂ ಹುಡುಕದೆ, ನಿಲ್ಲಿಸಬೇಕು. ಇನ್ನೊಂದು ಪಟ್ಟಿಯನ್ನು ಸದಾ ಗಾಡಿಯಲ್ಲಿಟ್ಟಿರಬೇಕು.

ಎರಡನೆಯದು ಎಣ್ಣೆ. ಯಂತ್ರದಲ್ಲಿ ಹಿಡಿಯುವುದು ಎರಡೂವರೆ ಲೀಟರು ಮಾತ್ರ. ಅದನ್ನು ಸೋಸಲು ತಂತಿಯ ಜಾಲರಿಯೊಂದಿದೆಯೇ ಹೊರತು ಇಂದಿನ ಗಾಡಿಗಳ ಶೋಧಕವಿಲ್ಲ. ಆದುದರಿಂದ 5000 ಕಿಲೋಮೀಟರಿಗೊಮ್ಮೆ ಬದಲಾಯಿಸುವುದು ಅವಶ್ಯ. ಅದೇ ಸಂದರ್ಭದಲ್ಲಿ, ಯಂತ್ರವು ಪೂರ್ತಿ ತಣ್ಣಗಿರುವಾಗ, ವಾಲ್ವುಗಳ ಸಂದನ್ನು ಅಳೆಯಬೇಕು. ಹಳೆಯ ಮಾದರಿಗಳಲ್ಲಿ 0.10, ತರುವಾಯದವುಗಳಲ್ಲಿ 0.15 ಮಿಲಿಮೀಟರು. ಕೂದಲಿನಷ್ಟು ಈ ಸಂದಿಗೆ ಇಷ್ಟು ಮಹತ್ವವೇಕೆಂದರೆ, ವಾಲ್ವು ತನ್ನ ಪೀಠದ ಮೇಲೆ ಕುಳಿತಿರುವ ಹೊತ್ತಿನಲ್ಲಿಯೇ ತನ್ನ ಶಾಖವನ್ನು ಅದಕ್ಕೆ ಇಳಿಸುವುದು. ಸಂದು ಮುಚ್ಚಿಹೋದರೆ ಅದಕ್ಕೆ ಕುಳಿತುಕೊಳ್ಳುವ ಬಿಡುವಿಲ್ಲ. ಬಿಡುವಿಲ್ಲದೆ ದುಡಿದುದು ಸುಡುವುದು. ಕಿಡಿ ಹಾರುವ ಗಳಿಗೆ ಮುಂದಾದರೂ, ಪೆಟ್ರೋಲಿಗೆ ಗಾಳಿ ಮಿತಿಮೀರಿ ಬೆರೆತರೂ ಶಾಖ ಏರುವುದು. ಈ ಎರಡನ್ನೂ ಬಲ್ಲವರಿಂದ ಸರಿಮಾಡಿಸಬೇಕು.

ಮೂರನೆಯದು ನಡೆಸುವ ರೀತಿ. ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಯಂತ್ರವನ್ನು ತಿಣುಕಿಸುವುದು ಅದಕ್ಕೆ ದಯೆ ತೋರಿದಂತೆ ಕಾಣುವುದು. ನಿಜವಾಗಿ ಅದು ಹಿಂಸೆ. ಯಂತ್ರ ನಿಧಾನವಾಗಿ ತಿರುಗಿದರೆ ಬೀಸಣಿಗೆಯೂ ನಿಧಾನವಾಗುವುದು. ಹೊರೆ ಹೆಚ್ಚು, ಗಾಳಿ ಕಡಿಮೆ. ಒಂದು ಗೇರು ಇಳಿಸಿದರೆ ಸದ್ದು ಹೆಚ್ಚುವುದು, ಗಾಳಿಯೂ ಹೆಚ್ಚುವುದು. ಕಾದ ಯಂತ್ರದ ಮೇಲೆ ನೀರು ಸುರಿಯುವ ಆತುರವನ್ನಂತೂ ಬಿಡಬೇಕು. ಕಾದ ಲೋಹವು ಒಮ್ಮೆಗೇ ತಣಿದರೆ ಬಿರಿಯುವುದು. ಕಡು ಬೇಸಗೆಯಲ್ಲಿ ಮುಂಜಾನೆ ಹೊರಟು, ಮಧ್ಯಾಹ್ನ ತಂಗಿ, ಇಳಿಹೊತ್ತಿನಲ್ಲಿ ಮುಂದುವರಿಯುವುದು ಎತ್ತಿನ ಗಾಡಿಯವರ ಪದ್ಧತಿಯಾಗಿದ್ದಿತು. ಈ ಮೋಟಾರಿಗೂ ಅದು ಸಲ್ಲುವುದು.

ಲೋಕವು ಈ ಉತ್ತರವನ್ನು ಬಿಟ್ಟು ಈಗ ಬಹುದೂರ ಬಂದಿದೆ. ಗಾಳಿಯ ಯಂತ್ರದ ಸದ್ದು ಹೆಚ್ಚು. ಹೊಗೆಯನ್ನು ಕುರಿತ ಹೊಸ ಕಟ್ಟಳೆಗಳಿಗೆ ಅದನ್ನು ಒಗ್ಗಿಸುವುದು ಕಷ್ಟ. ಪೋರ್ಷೆಯ ಹೆಸರಿನ ಸಂಸ್ಥೆಯೇ ತನ್ನ 911 ಎಂಬ ಗಾಡಿಯಲ್ಲಿ 1998ರ ಹೊತ್ತಿಗೆ ಗಾಳಿಯನ್ನು ಕೈಬಿಟ್ಟು ನೀರನ್ನು ಹಿಡಿಯಿತು. ಬೀಟಲಿನ ಕಡೆಯ ಗಾಡಿಯು 2003ರ ಜುಲೈ 30ರಂದು ಮೆಕ್ಸಿಕೋ ದೇಶದ ಪುಯೆಬ್ಲಾ ನಗರದ ಕಾರ್ಖಾನೆಯಿಂದ ಹೊರಬಿದ್ದಿತು. ಅಲ್ಲಿಗೆ ಒಟ್ಟು ಲೆಕ್ಕ 2,15,29,464. ಇನ್ನು ಹೊಸದಾಗಿ ಹುಟ್ಟುವಂತಿಲ್ಲ, ಉಳಿದವನ್ನು ಉಳಿಸಿಕೊಳ್ಳಬೇಕು. ಹಳೆಯ ವಸ್ತುವನ್ನು ಸುಧಾರಿಸಹೊರಟವನಿಗೆ ಅದರಲ್ಲಿ ಅನಾವಶ್ಯಕವೆಂದು ತೋರುವ ಅಂಗಗಳು ಎಷ್ಟೋ ಇರುವುವು. ಅವುಗಳಲ್ಲಿ ಕೆಲವು ನಿಜವಾಗಿಯೂ ಅನಾವಶ್ಯಕವಾಗಿದ್ದಾವು. ಆದರೆ ಒಂದನ್ನು ಕಿತ್ತುಹಾಕುವ ಮೊದಲು, ಅದನ್ನು ಅಲ್ಲಿ ಇಟ್ಟವನು ಏನನ್ನು ಯೋಚಿಸಿ ಇಟ್ಟನೆಂಬುದನ್ನು ಅರಿಯುವಷ್ಟು ತಾಳ್ಮೆಯಾದರೂ ಬೇಕು. ಗಾಳಿ ಎಲ್ಲೆಲ್ಲಿಯೂ ಇರುವುದು. ಅದು ಉಪಯೋಗಕ್ಕೆ ಬರುವುದು ಅದಕ್ಕೊಂದು ದಾರಿ ಇದ್ದಾಗ.